ಆಸ್ಪತ್ರೆಯ ಕ್ಯೂ ಕರಗಿಸಲು ಸಿಮ್ಯುಲೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಸೀಮೆಯ ಸರ್ಕಾರಿ ಮತ್ತು ಬೋಧನಾ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಆಡಳಿತಾಧಿಕಾರಿಗಳು, ವೈದ್ಯರು, ನರ್ಸಿಂಗ್ ಸೂಪರಿಂಟೆಂಡೆಂಟರು, ಪ್ರಾಜೆಕ್ಟಿಗೆ ವಿಷಯ ಹುಡುಕುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ಉದಾಹರಣೆಯ ಲೆಕ್ಕಗಳು ತಿಳಿವಳಿಕೆಗಾಗಿ ಹಾಕಿದವು. ಯಾವುದೇ ಒಂದು ಆಸ್ಪತ್ರೆಯ ಅಂಕಿಅಂಶವಲ್ಲ.

ಸಿಮ್ಯುಲೇಶನ್ ಅಂದರೆ ಇಲ್ಲಿ ಏನು?

ಆಸ್ಪತ್ರೆಯ ಒಂದು ದಿನವನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡುವುದು. ಕಾಗದದ ಮೇಲಿನ ರೋಗಿ 8.10ಕ್ಕೆ ಬರುತ್ತಾನೆ, ಚೀಟಿ ಕೌಂಟರಿನ ಸಾಲಿನಲ್ಲಿ ನಿಲ್ಲುತ್ತಾನೆ, ಚೀಟಿ ಮಾಡಿಸಿ ಡಾಕ್ಟರ ಕೊಠಡಿಯ ಮುಂದೆ ಕೂರುತ್ತಾನೆ, ರಕ್ತ ಕೊಡುತ್ತಾನೆ, ರಿಪೋರ್ಟ್ ಹಿಡಿದು ವಾಪಸ್ ಬರುತ್ತಾನೆ, ಮಾತ್ರೆ ತೆಗೆದುಕೊಂಡು ಹೊರಡುತ್ತಾನೆ. ಅಂಥ ಐನೂರು ಜನರನ್ನು ಬಿಟ್ಟು, ಪ್ರತಿಯೊಬ್ಬರೂ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಕಾದರು ಎಂದು ಬರೆದಿಟ್ಟುಕೊಳ್ಳುತ್ತದೆ ಪ್ರೋಗ್ರಾಂ. ಆಮೇಲೆ ಒಂದು ನಿಯಮ ಬದಲಿಸಿ ಅದೇ ದಿನವನ್ನು ಮತ್ತೆ ಓಡಿಸಿದರೆ ವ್ಯತ್ಯಾಸ ಕಾಣುತ್ತದೆ. ನಿಜವಾದ ರೋಗಿಗಳ ಮೇಲೆ ಪ್ರಯೋಗ ಮಾಡುವ ಬದಲು ಈ ನಕಲಿ ಜನರ ಮೇಲೆ ಮಾಡುತ್ತೇವೆ, ಅಷ್ಟೇ.

ಇನ್ನೊಂದು ಕೌಂಟರ್ ತೆರೆದರೆ ಸಾಲದೆ? ಇಷ್ಟಕ್ಕೆ ಕಂಪ್ಯೂಟರ್ ಯಾಕೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಹೊರರೋಗಿ ವಿಭಾಗ (ಓಪಿಡಿ) ಒಂದನ್ನು ತೆಗೆದುಕೊಳ್ಳಿ. ದಿನಕ್ಕೆ 200 ಜನ. ಬೆಳಗ್ಗೆ 7ರಿಂದಲೇ ಸಾಲು, 10 ಗಂಟೆಯೊಳಗೆ 120 ಜನ ಬಂದಿರುತ್ತಾರೆ, ಉಳಿದವರು 11ರೊಳಗೆ. ಚೀಟಿ ಕೌಂಟರ್ ಎರಡು, 8.30ಕ್ಕೆ ಶುರು, ಒಂದು ಚೀಟಿಗೆ ಒಂದೂವರೆ ನಿಮಿಷ. ಅಂದರೆ ಗಂಟೆಗೆ 80 ಚೀಟಿ. ಡಾಕ್ಟರು ಐವರು, ರೌಂಡ್ಸ್ ಮುಗಿಸಿ ಕೂರುವುದು 10ಕ್ಕೆ, ಒಬ್ಬ ರೋಗಿಗೆ 6 ನಿಮಿಷ. ಐವರೂ ಸೇರಿ ಗಂಟೆಗೆ 50 ಜನರನ್ನು ನೋಡುತ್ತಾರೆ. 200 ಜನ ಮುಗಿಯುವುದು ಮಧ್ಯಾಹ್ನ 2ಕ್ಕೆ.

ಈಗ ಮೂರನೇ ಕೌಂಟರ್ ತೆರೆಯಿರಿ. ಗಂಟೆಗೆ 120 ಚೀಟಿ. ಮೊದಲ 120 ಜನ ಅಷ್ಟರೊಳಗೆ ಬಂದಿದ್ದರೆ ಅವರ ಚೀಟಿ 10ರ ಬದಲು 9.30ಕ್ಕೇ ಮುಗಿದೀತು. ಡಾಕ್ಟರು ಬರುವುದು ಮಾತ್ರ 10ಕ್ಕೇ, ಕೊನೆಯವರು ಹೊರಡುವುದು 2ಕ್ಕೇ. ಚೀಟಿ ಕಿಂಡಿಯ ಮುಂದೆ ನಿಂತಿದ್ದ ಸಾಲು ಕೊಠಡಿಯ ಮುಂದಿನ ಬೆಂಚಿಗೆ ಹೋಯಿತು. ಫೋಟೋದಲ್ಲಿ ಮಾತ್ರ ಸುಧಾರಣೆ.

ಅದೇ ಎರಡು ಕೌಂಟರ್ ಇಟ್ಟುಕೊಂಡು ಡಾಕ್ಟರು 9.30ಕ್ಕೆ ಕೂತರೆ 200 ಜನರಲ್ಲಿ ಪ್ರತಿಯೊಬ್ಬರೂ ಅರ್ಧ ಗಂಟೆ ಮುಂಚೆ ಹೊರಡುತ್ತಾರೆ. ಒಟ್ಟು 100 ಗಂಟೆ ಉಳಿಯಿತು, ಒಂದು ರೂಪಾಯಿಯ ಸಾಮಾನು ಕೊಳ್ಳದೆ.

ಇಷ್ಟನ್ನು ಬೆರಳೆಣಿಕೆಯಲ್ಲೂ ಮಾಡಬಹುದು. ಕಂಪ್ಯೂಟರ್ ಬೇಕಾಗುವುದು ಇದಕ್ಕೆ ನಿಜದ ಗೋಜಲು ಸೇರಿದಾಗ: 60 ಜನ ರಿಪೋರ್ಟ್ ಹಿಡಿದು ಅದೇ ಡಾಕ್ಟರ ಹತ್ತಿರ ಮತ್ತೆ ಬರುತ್ತಾರೆ (ತಲೆಗೆ 2 ನಿಮಿಷ ಎಂದರೂ ಐವರಿಗೆ ಹಂಚಿ 24 ನಿಮಿಷ, ಕೊನೆ 2.24ಕ್ಕೆ ಹೋಯಿತು), ಇಬ್ಬರು ಡಾಕ್ಟರನ್ನು ನಡುವೆ ಕ್ಯಾಶುವಾಲ್ಟಿಗೆ ಕರೆಯುತ್ತಾರೆ, ಎಕ್ಸ್‌ರೇ ಯಂತ್ರ ಒಂದು ಗಂಟೆ ನಿಲ್ಲುತ್ತದೆ. ಇವೆಲ್ಲ ಒಂದೇ ದಿನ ಬಂದರೆ ಏನಾಗುತ್ತದೆ ಎಂಬುದು ಕೈಲೆಕ್ಕಕ್ಕೆ ಸಿಗುವುದಿಲ್ಲ.

ಸರಾಸರಿ ನೋಡಿದರೆ ಸಿಬ್ಬಂದಿ ಸಾಕಷ್ಟಿದ್ದಾರೆ. ಆದರೂ ಕ್ಯೂ ಯಾಕೆ?

ಜನ ಸರಾಸರಿಯಂತೆ ಬರುವುದಿಲ್ಲ, ಅದಕ್ಕೆ. ಗಂಟೆಗೆ 60 ಜನರನ್ನು ಮುಗಿಸಬಲ್ಲ ಒಂದೇ ಕೌಂಟರ್ ಇದೆ ಎಂದಿಟ್ಟುಕೊಳ್ಳಿ. ಜನ ಬರುವುದರಲ್ಲೂ ಕೆಲಸದ ಅವಧಿಯಲ್ಲೂ ಏರಿಳಿತವಿದ್ದಾಗ ಸರತಿ ಶಾಸ್ತ್ರದ ಅತಿ ಸರಳ ಸೂತ್ರ ಹೀಗೆ ಹೇಳುತ್ತದೆ: ಗಂಟೆಗೆ 48 ಜನ ಬಂದರೆ ಸರಾಸರಿ ಕಾಯುವಿಕೆ 4 ನಿಮಿಷ, 54 ಬಂದರೆ 9 ನಿಮಿಷ, 57 ಬಂದರೆ 19 ನಿಮಿಷ. ಕೊನೆಗೆ ಹೆಚ್ಚಿದ್ದು ಮೂರೇ ಜನ, ಕಾಯುವ ಹೊತ್ತು ಎರಡು ಪಟ್ಟು ಮೀರಿತು. ಡೆನ್ಮಾರ್ಕಿನ ಎರ್ಲಾಂಗ್ ಟೆಲಿಫೋನ್ ಎಕ್ಸ್‌ಚೇಂಜಿಗಾಗಿ 1909ರಲ್ಲಿ ಶುರು ಮಾಡಿದ ಲೆಕ್ಕದ ಮುಂದುವರಿಕೆ ಇದು. ಸಿಬ್ಬಂದಿಯನ್ನು ನೂರಕ್ಕೆ ನೂರು ದುಡಿಸುತ್ತೇವೆ ಎನ್ನುವ ಆಡಳಿತಕ್ಕೆ ಈ ಮೂರು ಸಂಖ್ಯೆಗಳನ್ನು ಗೋಡೆಗೆ ಅಂಟಿಸಿ ತೋರಿಸಬೇಕು.

ಯಾವ ಮಾಹಿತಿ ಬೇಕು? ಹೇಗೆ ಸಂಗ್ರಹಿಸುವುದು?

ನಾಲ್ಕು ಬಗೆಯದು: ಯಾರು ಯಾವಾಗ ಬಂದರು, ಪ್ರತಿ ಕಡೆ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು, ಅಲ್ಲಿಂದ ಎಲ್ಲಿಗೆ ಹೋದರು, ಯಾವ ಹೊತ್ತಿಗೆ ಎಷ್ಟು ಸಿಬ್ಬಂದಿ ಕುರ್ಚಿಯಲ್ಲಿದ್ದರು. ನಾಲ್ಕನೆಯದನ್ನು ಡ್ಯೂಟಿ ಪಟ್ಟಿಯಿಂದ ಎತ್ತಿಕೊಳ್ಳಬೇಡಿ. ಪಟ್ಟಿಯಲ್ಲಿ ಐವರಿದ್ದು ಕುರ್ಚಿಯಲ್ಲಿ ಮೂವರಿರುವ ಹೊತ್ತೇ ನಿಮಗೆ ಬೇಕಾದ ಸಂಗತಿ.

ಅಗ್ಗದ ಉಪಾಯ ಸಮಯದ ಚೀಟಿ. ಅಂಗೈ ಅಗಲದ ದಪ್ಪ ಕಾಗದದಲ್ಲಿ ಎಂಟು ಮನೆ ಗೀಟು ಹಾಕಿ: ಗೇಟು, ಚೀಟಿ ಮುಗಿದದ್ದು, ಡಾಕ್ಟರ ಕೊಠಡಿಯ ಒಳಗೆ, ಹೊರಗೆ, ರಕ್ತ ಕೊಟ್ಟದ್ದು, ರಿಪೋರ್ಟ್ ಸಿಕ್ಕಿದ್ದು, ಎರಡನೇ ಸಲ ಡಾಕ್ಟರ್ ನೋಡಿದ್ದು, ಔಷಧಿ ಸಿಕ್ಕಿದ್ದು. ದಿನಕ್ಕೊಂದು ಬಣ್ಣ. ಗೇಟಿನಲ್ಲೇ ಓಪಿಡಿ ಕಾಗದಕ್ಕೆ ಪಿನ್ ಹೊಡೆದು, ಔಷಧಿ ಕೌಂಟರಿನಲ್ಲಿ ಕಿತ್ತು ಡಬ್ಬಿಗೆ ಹಾಕಿಸಿಕೊಳ್ಳಿ. ಸ್ಟೇಪ್ಲರ್ ಬೇಡ, ಕೀಳುವಾಗ ಓಪಿಡಿ ಕಾಗದವೂ ಹರಿಯುತ್ತದೆ, ಅದರ ಹಿಂದೆಯೇ ಜಗಳ. ಪ್ರತಿ ಕಡೆ ಸಮಯ ಬರೆಯಲು ಒಬ್ಬ ವಿದ್ಯಾರ್ಥಿ ಇರಲಿ. ಸಿಸ್ಟರುಗಳಿಗೆ ಈ ಕೆಲಸ ಹೊರಿಸಿದರೆ ರಷ್ ಇರುವ ಹೊತ್ತಿನಲ್ಲೇ ಬರಹ ನಿಲ್ಲುತ್ತದೆ, ನಿಮಗೆ ಬೇಕಾದದ್ದೂ ಅದೇ ಹೊತ್ತಿನದು.

ಒಂದೊಂದು ಜಾಗಕ್ಕೆ ಕನಿಷ್ಠ ನೂರು ಅಳತೆ, ಬರುವವರ ಲೆಕ್ಕಕ್ಕೆ ಕನಿಷ್ಠ ಎರಡು ಪೂರ್ತಿ ವಾರ ಇಟ್ಟುಕೊಳ್ಳಿ. ಮೊದಲ ದಿನದ ಚೀಟಿಗಳನ್ನು ಪಕ್ಕಕ್ಕಿಡಿ. ಯಾರೋ ಗಡಿಯಾರ ಹಿಡಿದು ನಿಂತಿದ್ದಾರೆಂದರೆ ಆ ದಿನ ಎಲ್ಲರೂ ಚುರುಕು.

ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಸಮಯವೆಲ್ಲ ದಾಖಲಾಗುತ್ತದಲ್ಲ?

ಆಗುತ್ತದೆ, ಬಳಸಿ ಕೂಡ. ಆದರೆ ಅದರ ಮೂರು ಸುಳ್ಳುಗಳು ಗೊತ್ತಿರಲಿ.

ಮೊದಲನೆಯದು, ನೋಂದಣಿ ಸಮಯ ಬಂದ ಸಮಯವಲ್ಲ. 7ಕ್ಕೆ ಬಂದ ಅಜ್ಜಿಯ ಹೆಸರು ಕೌಂಟರ್ ತೆರೆದ ಮೇಲೆ 8.40ಕ್ಕೆ ಏರುತ್ತದೆ. ಕಂಪ್ಯೂಟರಿನ ಪ್ರಕಾರ ಆಕೆ ಕಾದೇ ಇಲ್ಲ. ಅಭಾ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಆ್ಯಪಿನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ಕಡೆ ಇದು ಸ್ವಲ್ಪ ಸುಧಾರಿಸುತ್ತದೆ, ಆದರೆ ಸ್ಕ್ಯಾನ್ ಮಾಡದವರ ಪಾಡು ಹಳೆಯದೇ.

ಎರಡನೆಯದು, ಗಡಿಯಾರಗಳ ಜಗಳ. ನೋಂದಣಿಯ ಕಂಪ್ಯೂಟರಿಗೂ ಲ್ಯಾಬಿನ ಯಂತ್ರಕ್ಕೂ ಏಳು ನಿಮಿಷ ವ್ಯತ್ಯಾಸವಿದ್ದರೆ ರೋಗಿ ಬರುವ ಮೊದಲೇ ರಕ್ತ ಕೊಟ್ಟಂತೆ ತೋರಿಸುತ್ತದೆ. ಋಣ ಸಂಖ್ಯೆ ಬಂದಾಗಲಾದರೂ ತಪ್ಪು ಕಾಣುತ್ತದೆ, ಉಳಿದವು ಸದ್ದಿಲ್ಲದೆ ಲೆಕ್ಕದೊಳಗೆ ಸೇರಿಹೋಗುತ್ತವೆ. ದಿನಾ ಬೆಳಗ್ಗೆ ಮೊಬೈಲಿನ ಗಡಿಯಾರ ಹಿಡಿದು ಒಂದು ಸುತ್ತು ಹೋಗಿ ಪ್ರತಿ ಯಂತ್ರದ ವ್ಯತ್ಯಾಸ ಬರೆದುಕೊಳ್ಳಿ.

ಮೂರನೆಯದು, ರಾಶಿ ನಮೂದು. ವಾರ್ಡಿನ ಎಂಟೂ ಡಿಸ್ಚಾರ್ಜ್ ರಾತ್ರಿ 8.05ರಿಂದ 8.12ರೊಳಗೆ ಆಗಿದ್ದರೆ ಅದು ಸಿಸ್ಟರ್ ಕೊನೆಗೆ ಬಿಡುವು ಸಿಕ್ಕಾಗ ಕೂತು ಟೈಪ್ ಮಾಡಿದ ಸಮಯ.

ನಮ್ಮ ಕಡೆಯ ಆಸ್ಪತ್ರೆಗಳಿಗೆಂದೇ ಗಮನಿಸಬೇಕಾದದ್ದು ಏನಾದರೂ ಇದೆಯೆ?

ಬೇಕಾದಷ್ಟಿದೆ. ಪಠ್ಯಪುಸ್ತಕದ ಮಾದರಿಯಲ್ಲಿ ರೋಗಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಇಲ್ಲಿ ಬಸ್ಸಿನಲ್ಲಿ ಬರುತ್ತಾರೆ. ಎಚ್.ಡಿ. ಕೋಟೆಯ ಕಡೆಯಿಂದಲೋ ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದಲೋ ಬೆಳಗಿನ ಬಸ್ಸು ಬಂದು ನಿಂತರೆ ಐದು ನಿಮಿಷದೊಳಗೆ ಹದಿನೈದು ಜನ, ಆಮೇಲೆ ಕಾಲು ಗಂಟೆ ಯಾರೂ ಇಲ್ಲ. ಗಂಟೆಯ ಸರಾಸರಿ ಒಂದೇ ಆದರೂ ಹೀಗೆ ಗೊಂಚಲಾಗಿ ಬಂದರೆ ಕಾಯುವಿಕೆ ಹೆಚ್ಚು. ಮಾದರಿಯಲ್ಲಿ ಗೊಂಚಲು ಆಗಮನ ಎಂದೇ ಹಾಕಿ. ಮಧ್ಯಾಹ್ನದ ವಾಪಸ್ ಬಸ್ಸೂ ಲೆಕ್ಕಕ್ಕೆ ಬರಬೇಕು. ಅದು ತಪ್ಪುತ್ತದೆಂದಾಗ ರಿಪೋರ್ಟ್ ತೆಗೆದುಕೊಳ್ಳದೆ ಹೊರಡುವವರು ಇರುತ್ತಾರೆ, ಅವರು ನಾಳೆ ಮತ್ತೆ ಬರುವ ರೋಗಿಗಳು.

ಒಬ್ಬ ರೋಗಿಯೊಂದಿಗೆ ಒಬ್ಬರೋ ಇಬ್ಬರೋ ಜೊತೆಯವರು. ಡಾಕ್ಟರಿಗೆ 40 ಜನರ ಸಾಲೆಂದರೆ ಬೆಂಚಿಗೆ ನೂರು ಜನ. ಕಾಯುವ ಜಾಗದ ಅಳತೆಗೆ ಈ ಗುಣಾಕಾರ ಮರೆಯಬೇಡಿ.

ಬೋಧನಾ ಆಸ್ಪತ್ರೆಯಾದರೆ ಯೂನಿಟ್ (ಡಾಕ್ಟರ ತಂಡ) ಪದ್ಧತಿ ಇರುತ್ತದೆ. ಪ್ರತಿ ಯೂನಿಟ್ಟಿಗೆ ವಾರದಲ್ಲಿ ಗೊತ್ತಾದ ಓಪಿಡಿ ದಿನ, ಅವರು 'ಮುಂದಿನ ವಾರ ಬನ್ನಿ' ಎಂದವರು ಅದೇ ದಿನಕ್ಕೇ ಬರುತ್ತಾರೆ. ಹಾಗಾಗಿ ಸೋಮವಾರ, ಬುಧವಾರ ಬೇರೆ ಬೇರೆ ಆಸ್ಪತ್ರೆಗಳಿದ್ದಂತೆ. ವಾರವನ್ನು ಕಲಸಿ ಒಂದೇ ಸರಾಸರಿ ಮಾಡಿದರೆ ಯಾವ ದಿನಕ್ಕೂ ಹೊಂದದ ಮಾದರಿ ಸಿಗುತ್ತದೆ. ಸೋಮವಾರದ ನೂಕುನುಗ್ಗಲು, ದಸರಾ ರಜೆಯ ಖಾಲಿ ಬೆಂಚು, ರಜೆ ಮುಗಿದ ಮಾರನೆಯ ದಿನದ ಜಾತ್ರೆ, ಇವನ್ನು ಬೇರೆಬೇರೆಯಾಗಿಯೇ ಓಡಿಸಬೇಕು.

ಇನ್ನು ರಾಹುಕಾಲ. ನಗಬೇಡಿ. ಶುಕ್ರವಾರ 10.30ರಿಂದ 12 ರಾಹುಕಾಲ. ಬಾಣಂತಿಯನ್ನು ಮನೆಗೆ ಕರೆದೊಯ್ಯುವವರು ಬಿಲ್ಲು ಮುಗಿಸಿಯೂ ಹಾಸಿಗೆ ಬಿಡದೆ ಕೂರುವುದುಂಟು. ನಿಮ್ಮ ಹೆರಿಗೆ ವಾರ್ಡಿನ ಚೀಟಿಗಳಲ್ಲಿ ಅದು ಕಂಡರೆ ಮಾದರಿಯೊಳಗೆ ಹಾಕಿ. ನಂಬಿಕೆಯನ್ನು ತಿದ್ದುವುದು ಸಿಮ್ಯುಲೇಶನ್ನಿನ ಕೆಲಸವಲ್ಲ.

ಯಾವ ಸಾಫ್ಟ್‌ವೇರ್?

ಪೈಥಾನ್ ಬಲ್ಲವರಿಗೆ ಸಿಮ್‌ಪೈ, ಆರ್ ಭಾಷೆ ಬಲ್ಲವರಿಗೆ ಸಿಮ್ಮರ್. ಚಿತ್ರ ಎಳೆದು ಕಟ್ಟಬೇಕೆಂದರೆ ಜಾಮ್‌ಸಿಮ್. ಮೂರೂ ಉಚಿತ. ಅರೀನಾ, ಎನಿಲಾಜಿಕ್, ಸಿಮುಲ್8 ಹಣ ಕೊಟ್ಟು ಕೊಳ್ಳುವಂಥವು, ಅವುಗಳ ಅನಿಮೇಶನ್ ಸಭೆಯಲ್ಲಿ ಕೆಲಸಕ್ಕೆ ಬರುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು.

ಮಾದರಿ ಕಟ್ಟುವ ಕ್ರಮ ಹೇಗೆ?

ಪ್ರಶ್ನೆಯಿಂದ ಶುರು ಮಾಡಿ. 'ಆಸ್ಪತ್ರೆಯ ಮಾದರಿ ಕಟ್ಟುತ್ತೇವೆ' ಎಂದು ಹೊರಟವರು ಸಾಮಾನ್ಯವಾಗಿ ಮುಗಿಸುವುದಿಲ್ಲ. 'ಮೂಳೆ ವಿಭಾಗದ ಓಪಿಡಿಯಲ್ಲಿ ಹತ್ತರಲ್ಲಿ ಒಂಬತ್ತು ಜನ ಮೂರು ಗಂಟೆಯೊಳಗೆ ಹೊರಡಲು ಏನು ಮಾಡಬೇಕು?' ಎಂಬುದು ಪ್ರಶ್ನೆ. ಅದಕ್ಕೆ ಸಂಬಂಧಪಡದ ಯಾವುದನ್ನೂ ಒಳಗೆ ತರಬೇಡಿ.

ಆಮೇಲೆ ರೋಗಿ ನಡೆಯುವ ದಾರಿಯಲ್ಲಿ ನೀವೇ ನಡೆದು ನಕ್ಷೆ ಬರೆಯಿರಿ. ಆಫೀಸಿನಲ್ಲಿ ಕೂತು ಬರೆದ ನಕ್ಷೆಯಲ್ಲಿ ಜೆರಾಕ್ಸ್ ಅಂಗಡಿ ಇರುವುದಿಲ್ಲ. ಆಯುಷ್ಮಾನ್ ಕಾರ್ಡಿನ ಪ್ರತಿಗಾಗಿ ಗೇಟಿನಾಚೆ ಹೋಗಿ ಬರುವ ಇಪ್ಪತ್ತು ನಿಮಿಷವೂ ಇರುವುದಿಲ್ಲ.

ಸಿಮ್‌ಪೈಯಲ್ಲಿ ಕೌಂಟರ್, ಡಾಕ್ಟರು, ಎಕ್ಸ್‌ರೇ ಯಂತ್ರ ಒಂದೊಂದೂ ಒಂದು 'ರಿಸೋರ್ಸ್', ಪ್ರತಿ ರೋಗಿ ಒಂದು 'ಪ್ರೋಸೆಸ್'. ರೋಗಿ ರಿಸೋರ್ಸನ್ನು ಕೇಳುತ್ತಾನೆ, ಸಿಗುವವರೆಗೆ ಕಾಯುತ್ತಾನೆ, ಅವಧಿ ಮುಗಿದ ಮೇಲೆ ಬಿಟ್ಟುಕೊಡುತ್ತಾನೆ. ಅವಧಿಗೆ ಸರಾಸರಿ 6 ನಿಮಿಷ ಎಂದು ಒಂದೇ ಸಂಖ್ಯೆ ಕೊಟ್ಟರೆ ಕ್ಯೂ ಸುಳ್ಳೇ ಸಣ್ಣದಾಗುತ್ತದೆ. ನಿಜದಲ್ಲಿ ಬಹಳ ಜನರಿಗೆ 3–4 ನಿಮಿಷ, ಕೆಲವರಿಗೆ 20. ಈ ಬಲಕ್ಕೆ ಬಾಲ ಚಾಚಿದ ಆಕಾರಕ್ಕೆ ಲಾಗ್‌ನಾರ್ಮಲ್ ಅಥವಾ ಗಾಮಾ ಹಂಚಿಕೆ ಹೊಂದುತ್ತದೆ. ನಾರ್ಮಲ್ ಹಾಕಬೇಡಿ, ಮೈನಸ್ ಎರಡು ನಿಮಿಷದ ತಪಾಸಣೆ ಹುಟ್ಟುತ್ತದೆ.

ಹೆಚ್ಚಿನವರು ಎಡವುವುದು ರಿಪೋರ್ಟ್ ಹಿಡಿದು ಮರಳುವವರಲ್ಲಿ. ಅವರನ್ನು ಸಾಲಿನ ಕೊನೆಗೆ ಕಳಿಸುತ್ತೀರೋ, ನಡುವೆ ಬಿಡುತ್ತೀರೋ, ಒಬ್ಬ ಹೊಸಬರಿಗೆ ಒಬ್ಬ ಮರಳಿದವರೋ? ಬಾಗಿಲಲ್ಲಿ ನಿಂತ ಅಟೆಂಡರ್ ಈ ನಿಯಮವನ್ನು ದಿನಾ ನಡೆಸುತ್ತಾನೆ. ಅವನನ್ನು ಕೇಳಿ. ಬರೆದಿಟ್ಟ ನಿಯಮ ಯಾವುದೇ ಇರಲಿ, ನಡೆಯುವುದು ಅವನದು.

ಎಷ್ಟು ಸಲ ಓಡಿಸಬೇಕು?

ಒಂದು ಸಲ ಓಡಿಸಿ ಬಂದ ಉತ್ತರ ಒಂದೇ ದಿನ ಆಸ್ಪತ್ರೆಗೆ ಹೋಗಿ ನೋಡಿದಂತೆ. ಮೊದಲು 30 ಸಲ ಓಡಿಸಿ. ಸರಾಸರಿ ಕಾಯುವಿಕೆ ±6 ನಿಮಿಷದ ಅಂತರದಲ್ಲಿ ಬಂತು, ನಿಮಗೆ ±2 ಬೇಕು ಎಂದರೆ ಅಂತರ ಮೂರನೇ ಒಂದಕ್ಕೆ ಇಳಿಯಬೇಕು, ಓಟ ಒಂಬತ್ತು ಪಟ್ಟು ಬೇಕು: 270 ಸಲ. ಎರಡು ಯೋಜನೆಗಳನ್ನು ಹೋಲಿಸುವಾಗ ಎರಡಕ್ಕೂ ಅದೇ ಯಾದೃಚ್ಛಿಕ ಬೀಜ ಸಂಖ್ಯೆಗಳನ್ನು ಕೊಡಿ, ಅಂದರೆ ಅವೇ ರೋಗಿಗಳು ಅದೇ ಹೊತ್ತಿಗೆ ಬರಲಿ.

ಓಪಿಡಿ ಪ್ರತಿ ಬೆಳಗ್ಗೆ ಖಾಲಿಯಿಂದ ಶುರುವಾಗುತ್ತದೆ. ವಾರ್ಡು ಹಾಗಲ್ಲ. ಖಾಲಿ ವಾರ್ಡಿನಿಂದ ಶುರು ಮಾಡಿದರೆ ಹಾಸಿಗೆ ಧಾರಾಳ ಎನಿಸುತ್ತದೆ. ಮೊದಲ ಕೆಲವು ವಾರಗಳ ಫಲಿತಾಂಶವನ್ನು ಎಸೆದು, ವಾರ್ಡು ತುಂಬಿ ಹದಕ್ಕೆ ಬಂದ ಮೇಲೆ ಎಣಿಸಲು ಶುರು ಮಾಡಿ.

ಮಾದರಿ ಸರಿಯಿದೆಯೆಂದು ನಂಬುವುದು ಹೇಗೆ?

ರೋಗಿಗಳನ್ನೇ ಬಿಡದೆ ಓಡಿಸಿ, ಕ್ಯೂ ಸೊನ್ನೆ ಬರಬೇಕು. ಒಂದೇ ಕೌಂಟರ್ ಇಟ್ಟು ಮೇಲಿನ 54 ಜನರ ಲೆಕ್ಕ ಕೊಡಿ, ಲಕ್ಷಗಟ್ಟಲೆ ರೋಗಿಗಳ ಮೇಲೆ 9 ನಿಮಿಷದ ಹತ್ತಿರ ಬರಬೇಕು. ಇವು ಪಾಸಾದ ಮೇಲೆ, ಮಾದರಿ ಕಟ್ಟಲು ಬಳಸದ ಬೇರೆ ವಾರದ ಚೀಟಿಗಳೊಂದಿಗೆ ಹೋಲಿಸಿ. ಸರಾಸರಿ ಮಾತ್ರ ಹೊಂದಿದರೆ ಸಾಲದು. ಗಂಟೆಗಂಟೆಯ ಸಾಲಿನ ಉದ್ದವೂ, ಅತಿ ಹೆಚ್ಚು ಕಾದ ಹತ್ತರಲ್ಲೊಬ್ಬರ ಹೊತ್ತೂ ಹೊಂದಬೇಕು. ಕೊನೆಗೆ ವಾರ್ಡಿನ ಹಿರಿಯ ಸಿಸ್ಟರಿಗೆ ತೋರಿಸಿ. 'ಇಲ್ಲಪ್ಪ, ಹನ್ನೊಂದು ಗಂಟೆಗೆ ಹೀಗಿರಲ್ಲ' ಎಂದು ಅವರು ಹೇಳಿದರೆ ತಪ್ಪು ಮಾದರಿಯದ್ದೇ ಇರುತ್ತದೆ.

ಎಷ್ಟು ಹಾಸಿಗೆ ಬೇಕು? 85 ಶೇಕಡಾ ತುಂಬಿರಬೇಕು ಎನ್ನುತ್ತಾರಲ್ಲ?

ಲಿಟಲ್‌ನ ನಿಯಮದಿಂದ ಶುರು ಮಾಡಿ: ದಿನಕ್ಕೆ ಬರುವವರನ್ನು ಉಳಿಯುವ ದಿನಗಳಿಂದ ಗುಣಿಸಿದರೆ ಒಳಗಿರುವವರ ಸರಾಸರಿ ಸಂಖ್ಯೆ. ದಿನಕ್ಕೆ 12 ಜನ ದಾಖಲಾಗಿ ಸರಾಸರಿ 4 ದಿನ ಉಳಿದರೆ ಒಳಗಿರುವವರು 48. ಅರ್ಧ ದಿನ ಕಡಿಮೆಯಾದರೆ 42. ಆದರೆ 48 ಹಾಸಿಗೆ ಹಾಕಿದರೆ ಹೆಚ್ಚುಕಡಿಮೆ ಅರ್ಧ ದಿನಗಳು ಜಾಗ ಸಾಲದು. ಬರುವವರ ಸಂಖ್ಯೆ ತನ್ನಷ್ಟಕ್ಕೆ ಏರಿಳಿಯುವುದಾದರೆ, ನೂರರಲ್ಲಿ ನಾಲ್ಕು ಸಲ ಮಾತ್ರ ಸಾಲದಾಗಲಿ ಎಂದರೆ ಸುಮಾರು 60 ಹಾಸಿಗೆ ಬೇಕು, ಸರಾಸರಿ 80 ಶೇಕಡಾ ತುಂಬಿರುತ್ತದೆ. ಅದೇ ಸರಾಸರಿ 12 ಜನ ಒಳಗಿರುವ ಸಣ್ಣ ವಾರ್ಡಿಗೆ 18 ಹಾಸಿಗೆ ಬೇಕು, ತುಂಬಿರುವುದು 67 ಶೇಕಡಾ. ಅಂಥ ನಾಲ್ಕು ವಾರ್ಡುಗಳಿಗೆ 72 ಹಾಸಿಗೆ, ಒಟ್ಟುಗೂಡಿಸಿದರೆ 60. ಯೂನಿಟ್ಟಿಗೊಂದು ವಾರ್ಡು ಎಂಬ ಗಡಿಯ ಬೆಲೆ 12 ಹಾಸಿಗೆ.

85ರ ಮಾತಿಗೆ 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಸಿಮ್ಯುಲೇಶನ್ ಅಧ್ಯಯನವನ್ನು ಆಧಾರವಾಗಿ ಕೊಡುತ್ತಾರೆ. ಅದು ಒಂದು ಕಾಲ್ಪನಿಕ ಆಸ್ಪತ್ರೆಯ ತುರ್ತು ದಾಖಲಾತಿಗಳ ಲೆಕ್ಕ. ಎಲ್ಲ ಗಾತ್ರದ ವಾರ್ಡಿಗೂ ಅದೇ ಗೆರೆ ಎಳೆಯುವುದು ತಪ್ಪು.

ಡಿಸ್ಚಾರ್ಜ್ ಬೇಗ ಮಾಡಿದರೆ ಎಷ್ಟು ಲಾಭ?

30 ಹಾಸಿಗೆಯ ವಾರ್ಡು, ದಿನಕ್ಕೆ 6 ಡಿಸ್ಚಾರ್ಜ್. ಡಾಕ್ಟರು 10.30ಕ್ಕೆ 'ಕಳಿಸಿ' ಎಂದರು, ಹಾಸಿಗೆ ಖಾಲಿಯಾದದ್ದು 4.30ಕ್ಕೆ. ನಡುವಿನ 6 ಗಂಟೆಯಲ್ಲಿ ಹೌಸ್ ಸರ್ಜನ್ ಸಮ್ಮರಿ ಬರೆಯಬೇಕು, ಸರ್ಕಾರಿ ಆರೋಗ್ಯ ಯೋಜನೆಯ ಕಾಗದ ಆನ್‌ಲೈನ್ ಏರಬೇಕು, ಔಷಧಿ ಬರಬೇಕು, ಊರಿಂದ ಮಗ ಬರಬೇಕು, ಆಯಾ ಬಂದು ಹಾಸಿಗೆ ಒರೆಸಬೇಕು. ಇದನ್ನು 2 ಗಂಟೆಗೆ ಇಳಿಸಿದರೆ ಉಳಿಯುವುದು ದಿನಕ್ಕೆ 24 ಹಾಸಿಗೆ-ಗಂಟೆ, ಅಂದರೆ ಒಂದೇ ಹಾಸಿಗೆ. ಇಷ್ಟೇನಾ ಎನಿಸಬಹುದು. ಆದರೆ ಓಪಿಡಿಯಿಂದ ಹೊಸ ದಾಖಲಾತಿಗಳು ಬರುವುದು 11ರಿಂದ 2ರ ನಡುವೆ. ಆ ಹೊತ್ತಿನಲ್ಲಿ ಹೋಗಬೇಕಾದ ಆರು ಜನರೂ ಬಂದ ಆರು ಜನರೂ ಒಂದೇ ವಾರ್ಡಿನಲ್ಲಿ. ಲಾಭ ಕಾಣುವುದು ಆ ಮೂರು ಗಂಟೆಯಲ್ಲಿ, ನೆಲದ ಮೇಲೆ ಚಾಪೆ ಹಾಸುವುದು ತಪ್ಪುವುದರಲ್ಲಿ. ಮಧ್ಯರಾತ್ರಿ ತಲೆ ಎಣಿಸುವ ರಿಜಿಸ್ಟರಿನಲ್ಲಿ ಇದು ಯಾವತ್ತೂ ಕಾಣುವುದಿಲ್ಲ.

ಸಾಮಾನ್ಯವಾಗಿ ಫಲ ಕೊಡುವ ಬದಲಾವಣೆ ಒಂದೇ: ಹಿಂದಿನ ಸಂಜೆಯ ರೌಂಡ್ಸಿನಲ್ಲೇ ನಾಳೆ ಹೋಗುವವರ ಪಟ್ಟಿ ಮಾಡಿ, ಸಮ್ಮರಿಯ ಕರಡು ರಾತ್ರಿಯೇ ಬರೆದಿಡುವುದು, ಮನೆಯವರಿಗೆ ಆಗಲೇ ಫೋನ್ ಮಾಡಿಸುವುದು.

ಅಪಾಯಿಂಟ್‌ಮೆಂಟ್ ಕೊಟ್ಟರೆ?

ಹೊಸ ರೋಗಿಗಳಿಗೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕಷ್ಟ. ಮರುತಪಾಸಣೆಗೆ ಬರುವ ಬಿಪಿ, ಶುಗರ್ ರೋಗಿಗಳಿಗೆ ಸಾಧ್ಯ. ಎಲ್ಲರಿಗೂ '9.30ಕ್ಕೆ ಬನ್ನಿ' ಎನ್ನುವ ಬದಲು, 1952ರಲ್ಲಿ ಇಂಗ್ಲೆಂಡಿನ ವೆಲ್ಚ್ ಮತ್ತು ಬೈಲಿ ಸೂಚಿಸಿದ ಕ್ರಮ ಪ್ರಯತ್ನಿಸಿ: ಶುರುವಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಸರಾಸರಿ ತಪಾಸಣೆಯ ಅಂತರಕ್ಕೊಬ್ಬರನ್ನು. ಬಸ್ಸಿನ ಊರಿನವರಿಗೆ ನಿಮಿಷದ ಲೆಕ್ಕ ನಡೆಯದು. ಅರ್ಧ ಗಂಟೆಗೆ ಐದು ಜನ ಎಂದು ಕೊಡಿ. ಡಾಕ್ಟರು ತಡವಾಗಿ ಕೂರುವ ಕಡೆ ಇದನ್ನು ಶುರು ಮಾಡಲೇಬೇಡಿ, ಎರಡೇ ವಾರದಲ್ಲಿ ಜನ ಕೊಟ್ಟ ಸಮಯವನ್ನು ನಂಬುವುದು ಬಿಡುತ್ತಾರೆ.

ತುರ್ತು ವಿಭಾಗಕ್ಕೂ ಇದೇ ಮಾದರಿಯೆ?

ಆಧಾರ ಅದೇ, ಸಾಲಿನ ನಿಯಮ ಬೇರೆ. ರೋಗಿಗಳನ್ನು ಗಂಭೀರತೆಯ ಪ್ರಕಾರ ಕೆಂಪು (ಅತಿ ತುರ್ತು), ಹಳದಿ, ಹಸಿರು ಎಂದು ವಿಂಗಡಿಸಿ ಆದ್ಯತೆಯ ರಿಸೋರ್ಸ್ ಬಳಸಬೇಕು. ಕೆಂಪು ಬಂದಾಗ ಹಸಿರಿನ ಕೆಲಸ ಅರ್ಧಕ್ಕೆ ನಿಲ್ಲುವಂತೆ ಬರೆಯಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದ ಆಸ್ಪತ್ರೆಗಳಿಗೆ ಒಂದೇ ಅಪಘಾತದಿಂದ ಐದಾರು ಜನ ಒಟ್ಟಿಗೆ ಬರುವುದನ್ನೂ ಸೇರಿಸಿ. ಇಲ್ಲಿ ಸರಾಸರಿ ನೋಡುವುದೇ ಬೇಡ. ಕೆಂಪು ರೋಗಿ ಕಾದ ಅತಿ ದೀರ್ಘ ಹೊತ್ತು ಎಷ್ಟು ಎಂಬುದನ್ನು ಮಾತ್ರ ಕೇಳಿ.

ರೋಗಿಗಳ ಹೆಸರು, ಕಾಯಿಲೆ ಹೊರಬೀಳುವುದಿಲ್ಲವೆ?

ಹೆಸರು, ಫೋನ್, ಆಧಾರ್, ಅಭಾ ಸಂಖ್ಯೆ ಯಾವುದೂ ಬೇಕಿಲ್ಲ. ಕ್ರಮಸಂಖ್ಯೆ, ವಿಭಾಗ, ಸಮಯ ಸಾಕು. ಹೆಸರು ಮೊದಲಾದವನ್ನು ಆಸ್ಪತ್ರೆಯ ಒಳಗೇ ಅಳಿಸಿ, ಉಳಿದದ್ದನ್ನು ಮಾತ್ರ ಹೊರಗೆ ಕೊಡಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆಯನ್ನು ಚೀಟಿ ಅಚ್ಚು ಹಾಕಿಸುವ ಮೊದಲೇ ಪಡೆಯಿರಿ.

ಎಷ್ಟು ದಿನದ ಕೆಲಸ?

ಒಂದು ವಿಭಾಗಕ್ಕೆ ಇಬ್ಬರು ಕೂತರೆ ಸುಮಾರು ಮೂರು ತಿಂಗಳು. ಅದರಲ್ಲಿ ಪ್ರೋಗ್ರಾಂ ಬರೆಯುವುದು ಎರಡು ಮೂರು ವಾರ. ಉಳಿದದ್ದೆಲ್ಲ ಒಪ್ಪಿಗೆ, ಚೀಟಿ, ಗಡಿಯಾರ, ಮತ್ತು ಕೆಟ್ಟ ಅಂಕಿಗಳನ್ನು ಹೆಕ್ಕುವುದು.

ಮಾದರಿ ಹೇಳಿದಂತೆ ಮಾಡಿದರೂ ಕ್ಯೂ ಕರಗಲಿಲ್ಲ. ಯಾಕೆ?

ಮೊದಲು ಔಷಧಿ ಕೌಂಟರ್ ನೋಡಿ. ಡಾಕ್ಟರ ಕಡೆ ಚುರುಕಾದರೆ ಸಾಲು ಅಲ್ಲಿಗೆ ಹೋಗಿ ನಿಲ್ಲುತ್ತದೆ, ಓಪಿಡಿಯನ್ನಷ್ಟೇ ಕಟ್ಟಿದ ಮಾದರಿಗೆ ಅದು ಕಾಣುವುದಿಲ್ಲ. ಎರಡನೆಯದಾಗಿ ಬಂದವರ ಸಂಖ್ಯೆ ಎಣಿಸಿ. ಕಾಯುವುದು ಕಡಿಮೆಯಾಯಿತೆಂದು ಸುದ್ದಿಯಾದರೆ ಇಷ್ಟು ದಿನ ಖಾಸಗಿ ಕ್ಲಿನಿಕ್ಕಿಗೆ ಹೋಗುತ್ತಿದ್ದವರೂ ಬರುತ್ತಾರೆ. ಮೂರನೆಯದಾಗಿ, ಬೆಳಗ್ಗೆ 9.30ಕ್ಕೆ ಒಂದು ವಾರ ಡಾಕ್ಟರ ಕೊಠಡಿಯ ಬಾಗಿಲಲ್ಲಿ ನಿಂತು ಎಷ್ಟು ಕುರ್ಚಿ ತುಂಬಿವೆ ಎಂದು ಬರೆದುಕೊಳ್ಳಿ.